ಮಾತು ಆಡಿಸಿದವಳು

ಮರ್ಸಾ ನೂಹ್ ಬಂದರು
9 ಜನವರಿ 2024

ಪ್ರೀತಿಯ ವಸಂತಾ,

ಹೊಸ ವರ್ಷಕ್ಕೆ ಫೋನ್ ಮಾಡೋಣವೆಂದರೆ ಇಲ್ಲಿ ಫೋನಿಲ್ಲ, ಇಂಟರ್‌ನೆಟ್ ಇಲ್ಲ. ಗೋಪುರಗಳನ್ನೆಲ್ಲ ಯುದ್ಧದಲ್ಲಿ ಉರುಳಿಸಿದ್ದಾರೆ. ನಮ್ಮ ತಂಡದ ಟಪಾಲು ಚೀಲ ಆಗೊಮ್ಮೆ ಈಗೊಮ್ಮೆ ದೋಣಿಯಲ್ಲಿ ಗಡಿ ದಾಟಿ ಹೋಗುತ್ತದೆ. ಹಾಗಾಗಿ ಮೈಸೂರಿನ ಹಾಸ್ಟೆಲ್ ಬಿಟ್ಟ ಮೇಲೆ ಇದೇ ಮೊದಲು ನಿನಗೆ ಕಾಗದ ಬರೆಯುತ್ತಿದ್ದೇನೆ. ಅಕ್ಷರ ಗುರುತು ಸಿಕ್ಕಿತೆ? ಲವ್‌ಡೇಲ್ ಸ್ಟೇಷನ್ನಿನ ಕ್ವಾರ್ಟರ್ಸಿನಲ್ಲಿ ಅಪ್ಪನ ಪೆನ್ನು ಕದ್ದು ಕಲಿತ ಅದೇ ಅಕ್ಷರ.

ಇಪ್ಪತ್ತು ಚಿಲ್ಲರೆ ವರ್ಷ ಬಂದರುಗಳಲ್ಲೇ ಕೆಲಸ ಮಾಡಿದ್ದೇನೆ, ಹೀಗೆ ಸತ್ತುಬಿದ್ದ ಬಂದರನ್ನು ನೋಡಿರಲಿಲ್ಲ. ಕ್ರೇನುಗಳು ನೀರಿಗೆ ಮುಖ ಅದ್ದಿ ನಿಂತಿವೆ. ಹಡಗು ಕಟ್ಟುವ ಧಕ್ಕೆಯ ಪಕ್ಕದಲ್ಲೇ ಒಂದು ಹಡಗು ಮುಳುಗಿದೆ, ಇಳಿತ ಬಂದಾಗ ಅದರ ಹೊಗೆಕೊಳವೆ ಮಾತ್ರ ಮೇಲೆ ಕಾಣುತ್ತದೆ. ಅದೆಲ್ಲ ರಿಪೇರಿಯಾಗುತ್ತದೆ. ಆದರೆ ಒಂದೊಂದು ಗೋದಾಮಿನ ಬಾಗಿಲಿಗೂ ಮೂರು ಮೂರು ಬೀಗ. ಯುದ್ಧದಲ್ಲಿ ಊರನ್ನು ಹಿಡಿದ ಒಂದೊಂದು ಗುಂಪೂ ತನ್ನ ಬೀಗ ಜಡಿದು ಹೋಗಿದೆ. ಯಾರು ಯಾರ ಮಾತು ಕೇಳಬೇಕು ಎನ್ನುವುದೇ ಮುರಿದುಬಿದ್ದರೆ ಅದಕ್ಕೆ ಬೆಸುಗೆ ಹಾಕುವುದು ಹೇಗೆ? ಅದನ್ನು ಸರಿಪಡಿಸುವ ಕೆಲಸ ನನ್ನದು. ಆಡಳಿತ ಮೊದಲಿನಿಂದ ಕಟ್ಟಬೇಕು. ಹಳೆಯ ಕೆಲಸಗಾರರು ಮೀನುಗಾರರ ಹಳ್ಳಿಗಳಲ್ಲಿ ತಲೆಮರೆಸಿಕೊಂಡಿದ್ದಾರೆ, ಕರೆದರೆ ಬರುವುದಿಲ್ಲ. ಅವರು ಬರದೆ ಒಂದು ಮೂಟೆಯೂ ಅಲ್ಲಾಡುವುದಿಲ್ಲ.

ನಿನ್ನ ತಮ್ಮ ಮಹಾಲಿಂಗಂ ವೆಲ್ಲಿಂಗ್ಟನ್ನಿನ ಮಿಲಿಟರಿ ಉಗ್ರಾಣದ ಕೆಲಸದಿಂದ ನಿವೃತ್ತಿ ತೆಗೆದುಕೊಂಡ ಎಂದಿದ್ದೆಯಲ್ಲ. ಅವನನ್ನು ಕಳಿಸುತ್ತೀಯಾ? ಗೋದಾಮು ನೋಡಿಕೊಳ್ಳಲು ಬಲ್ಲವರು ಬೇಕಾದಷ್ಟು ಜನ ಸಿಗುತ್ತಾರೆ. ಕೂಗಾಡದೆ ನೋಡಿಕೊಳ್ಳುವವನು ಬೇಕು. ಇಲ್ಲಿನವರು ಮುಂಬೈಗೆ ಹಡಗಿನಲ್ಲಿ ಹೋಗಿ ಬಂದವರು, ಹಿಂದಿ ಬರುತ್ತದೆ.

ನಾನಿರುತ್ತೇನೆ. ನಿನ್ನ ತಮ್ಮ ನನಗೂ ತಮ್ಮನೇ.

ನಿನ್ನ,
ಭವ್ಯಾ


ಮಂಜೂರು
2 ಫೆಬ್ರವರಿ 2024

ಪ್ರೀತಿಯ ಭವ್ಯಾ,

ನಿನ್ನ ಕಾಗದವನ್ನು ಪೋಸ್ಟ್‌ಮನ್ ಮಾದನ್ ತಿರುಗಿಸಿ ತಿರುಗಿಸಿ ನೋಡಿ, "ಟೀಚರ್, ಇಂಥದ್ದೊಂದು ಊರು ನಿಜಕ್ಕೂ ಇದೆಯಾ, ಇಲ್ಲ ಯಾರಾದರೂ ಆಟ ಆಡ್ತಿದಾರಾ?" ಎಂದು ಕೇಳಿ ಕೊಟ್ಟು ಹೋದ.

ಈ ಸಲ ಹಿಮ ಜಾಸ್ತಿ. ಕೆಳಗಿನ ಚಹಾ ತೋಟದಲ್ಲಿ ಎಲೆಯೆಲ್ಲ ಸುಟ್ಟು ಕಂದಾಗಿದೆ. ಫ್ಯಾಕ್ಟರಿಗೆ ಹಾಕಲು ಲೀಫ್ ಇಲ್ಲ. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಒಂದು ಕವಿತೆ ಓದುವ ಅಭ್ಯಾಸ ಬಿಟ್ಟಿಲ್ಲ, ಬೆರಳು ಮರಗಟ್ಟಿ ಪುಟ ತಿರುಗುವುದಿಲ್ಲ ಅಷ್ಟೆ.

ಮಹಾಲಿಂಗಂಗೆ ಹೇಳಿದೆ. ಅವನ ಹೆಂಡತಿ ನಂಜಿ ತೀರಿಕೊಂಡ ಮೇಲೆ ಅವನು ಹೆಚ್ಚು ಮಾತಾಡುವುದಿಲ್ಲ, ನಿನಗೆ ಗೊತ್ತು. ಸೌದೆ ಒಡೆಯುತ್ತಲೇ ಕೇಳಿದ: "ಅಕ್ಕ, ಹೋಗು ಅಂತ ನೀ ಹೇಳ್ತೀಯಾ?"

"ಹೇಳ್ತೀನಿ."

"ಭವ್ಯಕ್ಕನ ನಂಬಬಹುದಾ?"

"ನನ್ನ ನಂಬಿದ ಹಾಗೇ ನಂಬು."

"ಹಾಗಾದ್ರೆ ಆ ಉಲ್ಲನ್ ಸಾಕ್ಸು ಬೇಡ. ಅಲ್ಲಿ ಬಿಸಿಲಂತೆ" ಎಂದ. ಅಲ್ಲಿಗೆ ತೀರ್ಮಾನವಾಯಿತು.

ಸುತ್ತುಕಲ್ಲಿನ ಬಳಿ ಹೋಗಿ ಹಿರಿಯರ ಮುಂದೆ ತಲೆ ಬಾಗಿಸಿ, ನೆತ್ತಿಯ ಮೇಲೆ ಕೈ ಇಡಿಸಿಕೊಂಡು ಹರಕೆ ಪಡೆದು ಬಂದ. ಸುತ್ತುಕಲ್ಲು ಎಂದ ಕೂಡಲೆ ನೀನೇ ನೆನಪಾದೆ. ಎಂ.ಎ. ಮೊದಲ ವರ್ಷದ ರಜೆಯಲ್ಲಿ ನಮ್ಮ ಹಟ್ಟಿಗೆ ಬಂದಿದ್ದೆಯಲ್ಲ, ಅಂದು ಆ ಚಪ್ಪಡಿಗಳ ಮೇಲೆ ಕೂಟ ಸೇರಿತ್ತು. ಝರಿಯ ನೀರಿನ ತಕರಾರು. ಅಪ್ಪ ಒಬ್ಬ ಹುಡುಗನ ಬಾಯಲ್ಲಿ ಮೇಲಿನ ಕೇರಿಯವರಿಗೆ ಏನೋ ಹೇಳಿ ಕಳಿಸಿದ್ದರು. "ಆರ ಮಾತು ಇದು?" ಎಂದು ಕೂಟ ಕೇಳಿದಾಗ ಹುಡುಗ, "ನನ್ನ ಮಾತು" ಎಂದ. ನೀನು ನನ್ನ ಕೈ ಚಿವುಟಿ, "ಅಯ್ಯೋ, ಅವನದಲ್ಲವಲ್ಲ, ಯಾಕೆ ಹಾಗಂದ?" ಎಂದೆ. ಅಷ್ಟರಲ್ಲಿ ಅಪ್ಪ ಎದ್ದು ನಿಂತು, "ಅಲ್ಲ, ನನ್ನದು" ಎಂದರು. ನಮ್ಮ ಹಟ್ಟಿಯ ರೂಢಿ ಅದು. ಆಡಿದವನು ಇನ್ನೊಬ್ಬರ ಕಡೆ ಬೊಟ್ಟು ಮಾಡಬಾರದು, ತನ್ನದೆನ್ನಬೇಕು. ಆಡಿಸಿದವನು ಎಲ್ಲಿ ಕೂತಿದ್ದರೂ ಎದ್ದು ಅದನ್ನು ತನ್ನದಾಗಿಸಿಕೊಳ್ಳಬೇಕು. ಏಳದಿದ್ದರೆ ಮಾತು ಆಡಿದವನಿಗೇ ಅಂಟಿಕೊಳ್ಳುತ್ತದೆ.

ನೀನು ಚಪ್ಪಾಳೆ ತಟ್ಟಿಬಿಟ್ಟೆ! ಇಡೀ ಕೂಟ ತಿರುಗಿ ನೋಡಿತು. "ನಾನು ಆಫೀಸರ್ ಆದರೆ ಹೀಗೇ ಇರ್ತೀನಿ" ಎಂದು ಬಸ್ಸು ಹತ್ತುವ ತನಕ ಹೇಳಿದೆ.

ತಮ್ಮನನ್ನು ನೋಡಿಕೋ.

ನಿನ್ನ,
ವಸಂತಾ


ಮರ್ಸಾ ನೂಹ್
ಮಾರ್ಚ್ 17

ಅಕ್ಕನಿಗೆ ಮಹಾಲಿಂಗಂ ಮಾಡುವ ನಮಸ್ಕಾರ.

ಕನ್ನಡದಲ್ಲೇ ಬರೀಬೇಕು ಅಂದಿದ್ದೀಯ. ತಮಿಳಲ್ಲಾದ್ರೆ ಬೇಗ ಆಗ್ತಿತ್ತು. ತಪ್ಪಿದ್ದ ಕಡೆ ಕೆಂಪು ಇಂಕು ಹಾಕಿಕೋ.

ನಾನು ಚೆನ್ನಾಗಿದ್ದೀನಿ. ಮೊದಲು ಮಾಡಿದ ಕೆಲಸ ಬೀಗ ಒಡೆದದ್ದು. ಮೂರನ್ನೂ ತೆಗೆದು ಒಂದೇ ಬೀಗ ಹಾಕಿ, ಕೀಲಿಕೈಯನ್ನ ಬಾಗಿಲ ಪಕ್ಕ ಎಲ್ಲರಿಗೂ ಕಾಣೋ ಹಾಗೆ ಮೊಳೆಗೆ ನೇತುಹಾಕಿದೆ. ಕದಿಯೋನು ಕೀಲಿ ಹುಡುಕಿ ಸುಸ್ತಾಗಬಾರದಲ್ಲ. ಮೊದಲ ದಿನ ದೂರದಿಂದ ನೋಡಿ ನಕ್ಕರು. ಆಮೇಲೆ ಒಬ್ಬೊಬ್ಬರೇ ಹತ್ತಿರ ಬಂದರು.

ಇದ್ರಿಸ್ ಅಂತ ಒಬ್ಬ ಹಳೇ ಮೇಸ್ತ್ರಿ ಇದ್ದಾರೆ. ಕೆಲಸಗಾರರೆಲ್ಲ ಅವರ ಮಾತು ಕೇಳ್ತಾರೆ. ಯುದ್ಧಕ್ಕೆ ಮುಂಚೆ ಇಲ್ಲಿಗೆ ಬರ್ತಿದ್ದ ಚಹಾ ನಮ್ಮ ನೀಲಗಿರಿ ಡಸ್ಟಂತೆ! "ನಿಮ್ಮೂರಿನ ಪುಡಿ ಕುದಿಸಿ ಕುದಿಸಿ ನನ್ನ ಹಲ್ಲು ಹೀಗಾಯ್ತು" ಅಂತ ಬಾಯಿ ತೆರೆದು ತೋರಿಸಿದರು. ಹಲ್ಲೇ ಇಲ್ಲ. ದಿನಾ ಸಂಜೆ ಧಕ್ಕೆ ಮೇಲೆ ಕೂತು ಎಲ್ಲರಿಗೂ ಗ್ಲಾಸಲ್ಲಿ ಚಹಾ ಹಾಕಿಕೊಡ್ತಾರೆ. ನನಗೂ ಒಂದು ಗ್ಲಾಸು ಗೊತ್ತು ಮಾಡಿದ್ದಾರೆ.

ಎಲ್ಲರೂ ಕೇಳೋದು ಒಂದೇ. ನಾವು ಈಗ ಕೈ ಹಚ್ಚಿ ಬಂದರು ಎಬ್ಬಿಸಿದ ಮೇಲೆ ನಮ್ಮನ್ನ ಹೊರಗೆ ಹಾಕಿ ಬೇರೆಯವರನ್ನ ತರ್ತೀರಾ ಅಂತ. ಮುಂಚೆ ಎರಡು ಸಲ ಹಾಗೇ ಆಗಿದೆಯಂತೆ. ಭವ್ಯಕ್ಕನ ಕೇಳಿದೆ. "ಮೊದಲ ಹಡಗು ಬರೋ ತನಕ ಜೊತೆಗಿದ್ದವರ ಜಾಗ ಅವರದೇ, ಅವರ ನಂತರ ಮಕ್ಕಳದು ಅಂತ ಹೇಳು ಮಹಾಲಿಂಗಂ. ನಾನು ಹೇಳಿದರೆ ನಂಬಲ್ಲ, ನೀನು ಹೇಳಿದರೆ ನಂಬ್ತಾರೆ" ಅಂದರು. ಹೇಳಿದೆ. ಇದ್ರಿಸ್ ನನ್ನ ಕೈ ತಗೊಂಡು ತಮ್ಮ ನೆತ್ತಿ ಮೇಲೆ ಇಟ್ಟುಕೊಂಡರು. ನನಗೆ ನಾಚಿಕೆ ಆಗಿಹೋಯ್ತು ಅಕ್ಕ, ನಮ್ಮಲ್ಲಿ ಚಿಕ್ಕವರಲ್ಲವಾ ತಲೆ ಬಗ್ಗಿಸೋದು! ಆಮೇಲೆ ನಾನೂ ಬಗ್ಗಿಸಿದೆ. ಎಲ್ಲರೂ ನಕ್ಕರು.

ಮಾರನೇ ದಿನದಿಂದ ಎಲ್ಲರೂ ಕೆಲಸಕ್ಕೆ ಬಂದರು.

ಸಾಕ್ಸು ತರಬೇಕಿತ್ತು. ಬೆಳಗಿನ ಗಾಳಿ ಚಳಿ.

ಮಹಾಲಿಂಗಂ


ಮರ್ಸಾ ನೂಹ್ ಬಂದರು
21 ಮೇ 2024

ವಸಂತಾ,

ಹಡಗು ಬಂತು! ಗೋಧಿ ತುಂಬಿದ ಹಡಗು. ಮುಳುಗಿದ್ದನ್ನು ಎತ್ತಿ ಪಕ್ಕಕ್ಕೆಳೆದು ದಾರಿ ಬಿಡಿಸಿದ್ದೆವು. ಬಂದರಿನ ಪೈಲಟ್ ಅದನ್ನು ನಡೆಸಿ ತಂದು ಧಕ್ಕೆಗೆ ತಾಗಿಸುವಾಗ ನಾನು ಉಸಿರು ಹಿಡಿದು ನಿಂತಿದ್ದೆ. ಹಗ್ಗ ಕಟ್ಟಿದ ಕೂಡಲೆ ಊರಿನ ಹೆಂಗಸರು ಗಂಟಲಿನಿಂದ ಒಂದು ಸ್ವರ ತೆಗೆದರು ನೋಡು, ನೀನು ಕೇಳಿದ್ದರೆ ಅದರ ಮೇಲೆ ಕವಿತೆ ಬರೆಯುತ್ತಿದ್ದೆ. ನಾನು ಅತ್ತೆ ಅಷ್ಟೆ.

ನಿನ್ನ ತಮ್ಮ ಅಂದು ನಿಂತ ಕಡೆ ನಿಲ್ಲಲಿಲ್ಲ. ಅವನಿಲ್ಲದಿದ್ದರೆ ಈ ಜನ ಬರುತ್ತಿರಲಿಲ್ಲ, ಇದನ್ನು ಎಲ್ಲರೆದುರೂ ಹೇಳಿದ್ದೇನೆ.

ಇನ್ನು ಮುಂದಿನದು. ಬಂದರಿನ ಆಡಳಿತವನ್ನು ಒಂದು ಕಂಪನಿಗೆ ದೀರ್ಘಕಾಲಕ್ಕೆ ವಹಿಸುವ ಮಾತು ನಡೆದಿದೆ. ಹೊಸ ಕ್ರೇನು ತರಲು ಬೇರೆ ದಾರಿ ಕಾಣುತ್ತಿಲ್ಲ. ಅವರಿಗೆ ಅವರದೇ ರೀತಿ ನೀತಿ ಇರುತ್ತದೆ. ಯಾವುದೂ ಇನ್ನೂ ಖಚಿತವಲ್ಲ. ಮಹಾಲಿಂಗಂಗೆ ಹೇಳಿಲ್ಲ, ನೀನೂ ಬರೆಯಬೇಡ. ಸುಮ್ಮನೆ ಚಿಂತೆ ಹಚ್ಚಿಕೊಳ್ಳುತ್ತಾನೆ.

ನಿನ್ನ,
ಭವ್ಯಾ


ಮಂಜೂರು
14 ಜೂನ್ 2024

ಪ್ರೀತಿಯ ಭವ್ಯಾ,

ಹಡಗು ಬಂದ ಸುದ್ದಿ ಓದಿ ಶಾಲೆಯಲ್ಲಿ ಮಕ್ಕಳಿಗೆಲ್ಲ ಹೇಳಿದೆ. ಸಮುದ್ರವನ್ನೇ ನೋಡದ ಮಕ್ಕಳು. "ಟೀಚರ್, ಅವಲಾಂಚೆ ಡ್ಯಾಮಿಗಿಂತ ದೊಡ್ಡದಾ?" ಎಂದು ಕೇಳಿದರು.

ನಿನ್ನ ಕಾಗದದ ಕೊನೆಯ ಭಾಗವನ್ನು ಮತ್ತೆ ಮತ್ತೆ ಓದಿದೆ. ಕಂಪನಿಯ ರೀತಿ ನೀತಿ ಎಂದಿದ್ದೀಯ. ಮಹಾಲಿಂಗಂ ಮಾತು ಕೊಟ್ಟ ಆ ಜನ? ಅವರ ಜಾಗ ಅವರಿಗೇ ಇರುತ್ತದಲ್ಲವೆ? ಒಂದೇ ಸಾಲು ಬರೆ, ಸಾಕು.

ನೀನು ಹೇಳಿದಂತೆ ತಮ್ಮನಿಗೆ ಏನೂ ಬರೆದಿಲ್ಲ. ಅವನಿಂದ ಏನನ್ನೂ ಮುಚ್ಚಿಟ್ಟು ನನಗೆ ಅಭ್ಯಾಸವಿಲ್ಲ. ಮಳೆಗಾಳಿ ಶುರುವಾಗಿದೆ. ಕಿಟಕಿ ಬಡಿದುಕೊಂಡಾಗಲೆಲ್ಲ ಎದ್ದು ಹೋಗಿ ನೋಡುತ್ತೇನೆ, ಯಾಕೆಂದು ನನಗೇ ತಿಳಿಯದು.

ನಿನ್ನ,
ವಸಂತಾ


ಮಂಜೂರು
19 ಜುಲೈ 2024

ಭವ್ಯಾ,

ನಿನ್ನಿಂದ ಉತ್ತರವಿಲ್ಲ.

ಮಹಾಲಿಂಗಂ ನಿನ್ನೆ ಬಂದ. ಬರುವ ಸುದ್ದಿ ಕೂಡ ತಿಳಿಸಿರಲಿಲ್ಲ. ಕೊಚ್ಚಿಯಲ್ಲಿ ಇಳಿದು ಬಸ್ಸು ಬದಲಿಸಿ ಬದಲಿಸಿ, ಮಳೆಯಲ್ಲಿ ನೆನೆದು ಬಾಗಿಲಿಗೆ ಬಂದು, "ಬಿಸಿನೀರಿದೆಯಾ ಅಕ್ಕ?" ಎಂದ. ಚಹಾ ಮಾಡಿಕೊಟ್ಟೆ. ಲೋಟ ಕೈಯಲ್ಲಿ ಹಿಡಿದು ತಣ್ಣಗಾಗುವ ತನಕ ಕೂತಿದ್ದು, ಕುಡಿಯದೆ ಎದ್ದು ಹೋದ.

ಏನಾಯಿತು?

ವಸಂತಾ


ಮರ್ಸಾ ನೂಹ್ ಬಂದರು
11 ಆಗಸ್ಟ್ 2024

ಪ್ರೀತಿಯ ವಸಂತಾ,

ಹೇಗೆ ಶುರು ಮಾಡಲಿ ಎಂದು ಹಲವು ಸಲ ಬರೆದು ಹರಿದೆ.

ಕಂಪನಿ ತನ್ನದೇ ಜನರನ್ನು ಕರೆತಂದಿತು. ಹಳಬರನ್ನು ಇಟ್ಟುಕೊಳ್ಳುವುದಾದರೆ ಒಪ್ಪಂದವೇ ಬೇಡವೆಂದರು. ಹಳಬರು ಗೇಟಿಗೆ ಅಡ್ಡ ಕೂತರು. ಹೊರಗೆ ಗೋಧಿಯ ಹಡಗುಗಳು ನಿಂತಿದ್ದವು, ಒಳನಾಡಿನಲ್ಲಿ ಜನ ಹಸಿದಿದ್ದರು. ಜಾಗ ಖಾಯಂ ಎಂಬ ಭರವಸೆ ಕೊಟ್ಟವರು ಯಾರು ಎಂದು ಮೇಲಿನವರು ವಿಚಾರಣೆಗೆ ಕೂತರು. ಅದು ನಮ್ಮ ಆಡಳಿತದ ಮಾತು ಎಂದಾಗಿದ್ದರೆ ಒಪ್ಪಂದ ಬೀಳುತ್ತಿತ್ತು, ಬಂದರು ಮತ್ತೆ ಮುಚ್ಚುತ್ತಿತ್ತು. ಇಷ್ಟು ತಿಂಗಳ ಕೆಲಸ, ವಸಂತಾ. ಅಷ್ಟು ಜನರ ಅನ್ನ.

ಮಹಾಲಿಂಗಂನನ್ನು ಕೇಳಿದರು. ಅದು ತನ್ನ ಮಾತು ಎಂದು ಅವನೇ ಒಪ್ಪಿಕೊಂಡ. ಯಾರೂ ಅವನನ್ನು ಬಲವಂತ ಮಾಡಲಿಲ್ಲ. ಅಧಿಕಾರವಿಲ್ಲದೆ ಭರವಸೆ ಕೊಟ್ಟನೆಂದು ಬರೆದುಕೊಂಡು ಅವನನ್ನು ಕೆಲಸದಿಂದ ಬಿಡುಗಡೆ ಮಾಡಿದರು. ಅಷ್ಟಕ್ಕೇ ಮುಗಿಯಿತು. ಬೇರೆ ಶಿಕ್ಷೆ ಆಗದಂತೆ ನಾನು ನೋಡಿಕೊಂಡೆ.

ಅವನಿಗೆ ಹಟ್ಟಿಯಿದೆ, ತೋಟವಿದೆ, ನೀನಿದ್ದೀಯ. ಹೇಗೂ ವಾಪಸ್ಸು ಬರುವವನು. ನನಗೆ ಈ ಕೆಲಸ ಬಿಟ್ಟರೆ ಯಾರಿದ್ದಾರೆ ಹೇಳು? ಬಂದರು ಈಗ ನಡೆಯುತ್ತಿದೆ. ಅದೊಂದನ್ನು ನೋಡು.

ಜನವರಿಯಲ್ಲಿ ರಜೆ ಸಿಗುತ್ತದೆ. ಯಾವತ್ತಿನಂತೆ ನಿಮ್ಮ ಮನೆಯ ಮೇಲಿನ ಕೋಣೆಯಲ್ಲಿ ಇರುತ್ತೇನೆ. ಕೂತು ಮಾತಾಡೋಣ. ಬರಹದಲ್ಲಿ ಎಲ್ಲವೂ ಒರಟಾಗುತ್ತದೆ.

ನಿನ್ನ,
ಭವ್ಯಾ


ಮಂಜೂರು
29 ಸೆಪ್ಟೆಂಬರ್ 2024

ಭವ್ಯಾ,

ನಿನ್ನ ಕಾಗದ ಬಂದ ಮೇಲೂ ಮಹಾಲಿಂಗಂನನ್ನು ನಾನು ಏನೂ ಕೇಳಲಿಲ್ಲ. ಒಂದು ಭಾನುವಾರ ತೋಟದಲ್ಲಿ ಕಳೆ ಕೀಳುವಾಗ ತಾನಾಗಿ ಹೇಳಿದ. ಬೇಲಿಯ ಆಚೆ ಯಾರಿಗೋ ಹೇಳುವ ಹಾಗೆ, ನನ್ನ ಕಡೆ ನೋಡದೆ.

"ಉದ್ದ ಮೇಜು ಅಕ್ಕ. ಒಂದು ಕಡೆ ವಿಚಾರಣೆಯವರು. ಬಾಗಿಲ ಹತ್ತಿರ ಇದ್ರಿಸ್, ಅವರ ಜನ. ಭವ್ಯಕ್ಕ ನನ್ನ ಎದುರಿಗೇ. ಆರ ಮಾತು ಅಂತ ಕೇಳಿದರು. ನನ್ನ ಮಾತು ಅಂದೆ. ಅಂದು ಭವ್ಯಕ್ಕನ ನೋಡಿದೆ."

"ಆಮೇಲೆ?"

"ಕಾಯ್ತಾ ಇದ್ದೆ."

ಇನ್ನೊಂದಷ್ಟು ಕಳೆ ಕಿತ್ತ. "ಅವರು ಪೆನ್ನಿನ ಮುಚ್ಚಳ ತೆಗೆದು ಹಾಕ್ತಾ ಇದ್ದರು. ಮರೆತಿರಬಹುದು ಅಂತ ಇನ್ನೊಂದ್ಸಲ ಜೋರಾಗಿ ನನ್ನ ಮಾತು ಅಂದೆ."

ನೀನು ಬರೆದಿದ್ದೀಯಲ್ಲ, ಅವನೇ ಒಪ್ಪಿಕೊಂಡ ಎಂದು. ಅವನು ತಪ್ಪೊಪ್ಪಿಕೊಳ್ಳಲಿಲ್ಲ. ಎದ್ದು ನಿಲ್ಲಲು ನಿನಗೆ ಜಾಗ ಬಿಟ್ಟುಕೊಟ್ಟ. ಅಷ್ಟು ಜನ ಕೂತಿದ್ದ ಆ ಕೋಣೆಯಲ್ಲಿ ಅವನ ಮಾತಿನ ಅರ್ಥ ತಿಳಿದಿದ್ದವಳು ನೀನೊಬ್ಬಳೇ. ಉಳಿದವರು ಅವನನ್ನು ಶಿಕ್ಷಿಸಿದ್ದು ತಿಳಿಯದೆ. ಬಂದರಿನ ರಾಜಕೀಯ ನನಗೆ ಗೊತ್ತಿಲ್ಲ. ಹಸಿದವರಿಗೆ ಗೋಧಿ ಹೋಯಿತೆಂದರೆ ನಂಬುತ್ತೇನೆ, ಸಂತೋಷವೂ ಆಗುತ್ತದೆ. ಮಾತು ನಡೆಸಲಾಗಲಿಲ್ಲ ಎಂದು ನೀನು ಇದ್ರಿಸ್‌ಗೆ ಹೇಳಿದ್ದರೂ ನನಗೆ ಅರ್ಥವಾಗುತ್ತಿತ್ತು. ನೀನು ನನ್ನ ತಮ್ಮನನ್ನು ಸುಳ್ಳನನ್ನಾಗಿ ಮಾಡಿ ಬಂದರು ಕಟ್ಟಿದೆ.

ಹೊರಡುವ ಸಂಜೆ ಅವನು ಧಕ್ಕೆಗೆ ಹೋದನಂತೆ. ಇದ್ರಿಸ್ ಎಲ್ಲರಿಗೂ ಚಹಾ ಹಾಕುತ್ತಿದ್ದರು. ಬೈಯಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಅವನ ಗ್ಲಾಸನ್ನು ಬೋರಲು ಹಾಕಿದ್ದರು. ಈಗ ಅವನು ಮನೆಯಲ್ಲಿ ಚಹಾ ಕುಡಿಯುವುದಿಲ್ಲ. ಚಹಾ ಬೆಳೆಯುವ ಮನೆಯಲ್ಲಿ.

ಇಷ್ಟಕ್ಕೆ ಮುಗಿದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ಸುಮ್ಮನಾಗಿಬಿಡೋಣ ಎಂದೇ ಇದ್ದೆ. ಆದರೆ ಸುದ್ದಿ ಹಡಗಿನ ಜೊತೆ ಬರುತ್ತದೆ. ಫ್ಯಾಕ್ಟರಿಗೆ ಲೀಫ್ ಒಟ್ಟುಮಾಡುವ ಏಜೆಂಟ್ ಜಯರಾಮನ್ ಕೊಚ್ಚಿಗೆ ಹೋಗಿದ್ದವನು ಅಲ್ಲಿನ ಗೋದಾಮಿನಲ್ಲಿ ಕೇಳಿ ಬಂದ. ನೀಲಗಿರಿಯವನೊಬ್ಬ ಅಲ್ಲಿನ ಮುದುಕರ ನೆತ್ತಿ ಮುಟ್ಟಿ ಮಾತು ಕೊಟ್ಟು ಕೈಕೊಟ್ಟನಂತೆ ಎಂದು. ನೆತ್ತಿ ಮುಟ್ಟಿ ಎಂದ ಮೇಲೆ ನಮ್ಮಲ್ಲಿ ಸುಮ್ಮನಿರುತ್ತಾರೆಯೇ? ಹೋದ ಸೋಮವಾರ ಕೂಟ ಸೇರಿತು.

ಸುತ್ತುಕಲ್ಲಿನ ನಡುವೆ ಹಿರಿಯಜ್ಜ ಕೂತಿದ್ದರು. ನಿನಗೆ ನೆನಪಿರಬಹುದು, ಈಗ ಕಿವಿ ಮಂದ. ನಾವು ಹೆಂಗಸರು ಎಂದಿನಂತೆ ಎದುರಿನ ಜಗಲಿಯ ಅಂಚಿನಲ್ಲಿ. ಮಹಾಲಿಂಗಂ ಬಂದು ನಿಂತ. ಹಿರಿಯಜ್ಜ ಜಯರಾಮನ್ ಕಡೆ ಕೈ ತೋರಿಸಿ ಕೇಳಿದರು:

"ಏನಪ್ಪಾ, ಇವ ಹೇಳೋದು ನಿಜವಾ? ಆ ಜನಕ್ಕೆ ಮಾತು ಕೊಟ್ಟೆಯಾ?"

"ಕೊಟ್ಟೆ."

"ನಡೀತಾ?"

"ಇಲ್ಲ."

"ಆರ ಮಾತು ಅದು?"

ಈಗಲಾದರೂ ನಿನ್ನ ಹೆಸರು ಹೇಳುತ್ತಾನೆಂದು ನಾನು ಕಾದೆ. ಹೇಳಿದ್ದರೆ ಯಾರೂ ಅವನನ್ನು ತಪ್ಪೆನ್ನುತ್ತಿರಲಿಲ್ಲ. ಎಲ್ಲಿಯ ಹಟ್ಟಿ, ಎಲ್ಲಿಯ ಬಂದರು! ಅವನು ನೆಲ ನೋಡಿಕೊಂಡು, "ನನ್ನ ಮಾತು" ಎಂದ.

ರೂಢಿಯಂತೆ ಎಲ್ಲರೂ ಕಾದರು. ಹಿರಿಯಜ್ಜ ಸುತ್ತ ಒಂದೊಂದೇ ಮುಖ ನೋಡುತ್ತಾ ಬಂದರು. ಏಳುವವರು ಯಾರೂ ಇಲ್ಲ ಎಂದು ಅವರಿಗೂ ಗೊತ್ತಿತ್ತು. ಆಗ ನನಗೆ ಆ ಸೌದೆ ಒಡೆಯುವ ಸದ್ದು ಕೇಳಿಸಿತು. ಹೋಗು ಅಂತ ನೀ ಹೇಳ್ತೀಯಾ ಅಕ್ಕ?

ನಾನು ಎದ್ದೆ.

"ಅಲ್ಲ. ನನ್ನದು."

ಜಯರಾಮನ್ ನಕ್ಕುಬಿಟ್ಟ. "ಟೀಚರಮ್ಮಾ, ನೀವು ಆ ಬಂದರನ್ನ ಕಣ್ಣಲ್ಲಾದರೂ ಕಂಡಿದ್ದೀರಾ?"

"ಕಂಡಿಲ್ಲ. ಹೋಗು ಅಂದವಳು ನಾನು. ಅವಳನ್ನು ನನ್ನ ಹಾಗೇ ನಂಬು ಅಂದವಳೂ ನಾನೇ."

ಹಿಂದಿನಿಂದ ಯಾರೋ, "ಹೆಂಗಸು ಕೂಟದಲ್ಲಿ ಎದ್ದು ನಿಲ್ಲೋದಾ?" ಎಂದರು. "ಗಂಡಸರು ಎದ್ದಿದ್ದರೆ ಅವಳು ಕೂತೇ ಇರುತ್ತಿದ್ದಳು" ಎಂದರು ಹಿರಿಯಜ್ಜ. ಆ ಮಂದ ಕಿವಿಗೆ ಅದೊಂದು ಹೇಗೆ ಕೇಳಿಸಿತೋ! ಆಮೇಲೆ ನನಗೆ ಹೇಳಿದರು: "ಮಾತು ನಿನ್ನದಾದರೆ ಅದರ ಭಾರವೂ ನಿನ್ನದು ಮಗಳೇ. ಹುಡುಗನ ತಲೆ ಮೇಲಿಂದ ಅದು ಇಳೀತು." ಮಹಾಲಿಂಗಂ ಹೋಗಿ ತಲೆ ಬಾಗಿಸಿದ. ಅವನ ನೆತ್ತಿಯ ಮೇಲೆ ಕೈಯಿಟ್ಟರು.

ಹಾಗಾಗಿ ಇದ್ರಿಸ್ ಮತ್ತವರ ಜನ ಈಗ ನನಗೆ ಸೇರಿದವರು. ಅವರ ಜಾಗ ಅವರಿಗೆ ಕೊಡಿಸುವ ಶಕ್ತಿ ನನಗಿಲ್ಲ. ಮಾತು ನನ್ನದೆಂದು ಇದ್ರಿಸ್‌ಗೆ ತಿಳಿಸಲು, ಮಹಾಲಿಂಗಂ ಹಿಂದಿಯಲ್ಲಿ ಹೇಳಿ ಬರೆಸಿದ ಒಂದು ಕಾಗದವನ್ನು ಜಯರಾಮನ್ ಕೈಯಲ್ಲೇ ಕೊಚ್ಚಿಗೆ ಕಳಿಸಿದ್ದೇನೆ, ಅಲ್ಲಿಂದ ಯಾರಾದರೂ ಹಡಗಿನವರು ಒಯ್ದು ಕೊಡಲಿ ಎಂದು. ನಕ್ಕವನೇ ತಲೆ ತಗ್ಗಿಸಿ ತೆಗೆದುಕೊಂಡು ಹೋದ. ನಿನ್ನ ಹೆಸರು ಅದರಲ್ಲಿಲ್ಲ. ಬೊಟ್ಟು ಮಾಡುವುದು ನಮ್ಮ ರೂಢಿಯಲ್ಲ.

ಜನವರಿಯ ಮಾತು. ಬರಬೇಡ ಎನ್ನುವುದಿಲ್ಲ, ಬಸ್ಸು ಎಲ್ಲರಿಗೂ ಓಡುತ್ತದೆ. ಮೇಲಿನ ಕೋಣೆಯಲ್ಲಿ ಈಗ ಮಹಾಲಿಂಗಂ ಇರುತ್ತಾನೆ. ಅಲ್ಲಿಗೆ ಯಾರೂ ಮಾತಾಡಿಸಲು ಬರುವುದಿಲ್ಲವೆಂದು ತಾನೇ ಹಾಸಿಗೆ ಎತ್ತಿಕೊಂಡು ಹೋದ.

ಎದ್ದು ನಿಲ್ಲಲು ಬಹಳ ಹೊತ್ತು ಬೇಕಾಗಲಿಲ್ಲ, ಭವ್ಯಾ. ಮೊಣಕಾಲು ಸ್ವಲ್ಪ ನೋಯಿತು, ಅಷ್ಟೆ.

ವಸಂತಾಮಣಿ